ಸಾಂತೋ ದೊಮಿಂಗೋಗೆ ಒಂದು ದಿನ: ಟೂರ್ ಬಸ್ಸಾ, ಕಾರಾ, ಗ್ವಾಗ್ವಾನಾ?

ಕೆರಿಬಿಯನ್ ಸಮುದ್ರದ ದೊಮಿನಿಕನ್ ರಿಪಬ್ಲಿಕ್ ದೇಶಕ್ಕೆ, ಪುಂಟಾ ಕಾನಾದ ರೆಸಾರ್ಟಿಗೆ ಹೋದ ನಮ್ಮವರಿಗೆ ಮೂರನೇ ದಿನಕ್ಕೆ ಒಂದು ಬೇಸರ ಶುರುವಾಗುತ್ತದೆ. ಸಮುದ್ರ ನೋಡಿದ್ದಾಯಿತು, ಈಜುಕೊಳದಲ್ಲಿ ಮುಳುಗಿದ್ದಾಯಿತು, ಬಫೆಯಲ್ಲಿ ಅದದೇ ಪಾಸ್ತಾ ತಿಂದು ನಾಲಿಗೆ ಸತ್ತುಹೋಯಿತು. ಇನ್ನೇನಿದೆ ಇಲ್ಲಿ? ಲಾಬಿಯಲ್ಲಿ ಮೇಜು ಹಾಕಿಕೊಂಡು ಕೂತ ಟೂರಿನವನ ಹತ್ತಿರ ಉತ್ತರ ರೆಡಿ ಇರುತ್ತದೆ. ರಾಜಧಾನಿ ಸಾಂತೋ ದೊಮಿಂಗೋ, ಒಂದು ದಿನ, ಗೈಡ್ ಸಮೇತ, ಊಟ ಸೇರಿ.

ಆ ಊರಿಗೆ ನಾನು ಮೂರು ಸಲ ಹೋಗಿದ್ದೇನೆ. ಒಂದು ಸಲ ಟೂರ್ ಬಸ್ಸಿನಲ್ಲಿ ಹೆಂಡತಿ ಮಕ್ಕಳ ಜೊತೆ, ಒಂದು ಸಲ ಒಬ್ಬನೇ ಊರಿನವರ ಬಸ್ಸಿನಲ್ಲಿ, ಮತ್ತೊಂದು ಸಲ ಕಾರು ಮಾಡಿಕೊಂಡು ಅಪ್ಪ ಅಮ್ಮನ ಜೊತೆ. ಟಿಕೆಟ್ ತೆಗೆದುಕೊಳ್ಳುವ ಮೊದಲು ಎಲ್ಲರೂ ರೇಟ್ ಕೇಳುತ್ತಾರೆ. ನಾನೂ ಮೊದಲ ಸಲ ಅದನ್ನೇ ಕೇಳಿದ್ದೆ. ಕೇಳಬೇಕಾಗಿದ್ದು ಬೇರೆ ಎರಡು ವಿಷಯ: ಹಳೇ ಊರಿನ ಕಲ್ಲಿನ ಮೇಲೆ ನನ್ನ ಕಾಲು ಎಷ್ಟು ಗಂಟೆ ಇರುತ್ತದೆ? ಅಲ್ಲಿ ಕಥೆ ಹೇಳುವವರು ಯಾರು?

ಊರಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಅಮೆರಿಕ ಖಂಡಗಳಲ್ಲಿ ಯುರೋಪಿನವರು ಕಟ್ಟಿ ಇವತ್ತಿಗೂ ಜನ ಬಾಳುತ್ತಿರುವ ಊರುಗಳಲ್ಲಿ ಇದೇ ಹಳೆಯದು. ಕೊಲಂಬಸ್‌ನ ತಮ್ಮ ಬಾರ್ತೊಲೊಮೆಯೋ ಒಸಾಮಾ ನದಿಯ ಪೂರ್ವ ದಡದಲ್ಲಿ ಶುರು ಮಾಡಿದ. ಬಿರುಗಾಳಿ ಅದನ್ನು ಹೊಡೆದುಹಾಕಿತು. 1502ರಲ್ಲಿ ಗವರ್ನರ್ ಆಗಿ ಬಂದ ನಿಕೊಲಾಸ್ ದೆ ಓವಾಂದೋ ಊರನ್ನೇ ಎತ್ತಿ ಪಶ್ಚಿಮ ದಡಕ್ಕೆ ತಂದ. ಅಲ್ಲಿಯ ನೆಟ್ಟಗಿನ ಬೀದಿಗಳೇ ಇವತ್ತಿನ ಸೋನಾ ಕೊಲೊನಿಯಾಲ್. 1990ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹಳೇ ಊರು ಅಂದರೆ ಸುಮಾರು ಒಂದು ಚದರ ಕಿಲೋಮೀಟರ್, ಅಷ್ಟೇ. ಅವಸರದಲ್ಲಿ ನಡೆದರೆ ಈ ತುದಿಯಿಂದ ಆ ತುದಿಗೆ ಇಪ್ಪತ್ತು ನಿಮಿಷ ಸಾಕು. ಅವಸರ ಮಾಡದಿದ್ದರೆ ಎರಡು ದಿನವೂ ಸಾಲದು.

ಟೂರ್ ಬಸ್

ಪುಂಟಾ ಕಾನಾದಿಂದ ಸಾಂತೋ ದೊಮಿಂಗೋಗೆ ಸುಮಾರು 200 ಕಿಲೋಮೀಟರ್. ಹೆದ್ದಾರಿ ಚೆನ್ನಾಗಿದೆ, ಎರಡೂವರೆ ಗಂಟೆಯಲ್ಲಿ ಹೋಗಬಹುದು. ಆದರೆ ಟೂರ್ ಬಸ್ ನಿಮ್ಮೊಬ್ಬರನ್ನು ಹತ್ತಿಸಿಕೊಂಡು ಹೊರಡುವುದಿಲ್ಲ. ನಮ್ಮನ್ನು ಬೆಳಿಗ್ಗೆ ಆರೂವರೆಗೆ ಹತ್ತಿಸಿಕೊಂಡ ಬಸ್ಸು ಇನ್ನೂ ಐದು ಹೋಟೆಲ್ ಸುತ್ತಿತು. ಪ್ರತಿ ಹೋಟೆಲಿನಲ್ಲೂ ಯಾರೋ ಒಬ್ಬರು ಲೇಟು. ಹೆದ್ದಾರಿಗೆ ಬೀಳುವಾಗ ಎಂಟು ದಾಟಿತ್ತು.

ಹೋಟೆಲ್ ಸುತ್ತಿದ ಹೊತ್ತು ಬಿಟ್ಟು ಲೆಕ್ಕ ಹಾಕಿ. ಹೋಗಿ ಬರುವುದಕ್ಕೆ ಆರು ಗಂಟೆ. ದಾರಿಯಲ್ಲೇ ಸಿಗುತ್ತವೆ ಅಂತ ನದಿಯ ಪೂರ್ವಕ್ಕಿರುವ ಎರಡು ಜಾಗ ತೋರಿಸಿದರು, ಅದಕ್ಕೆ ಒಂದೂವರೆ ಗಂಟೆ. ಊಟಕ್ಕೆ ಒಂದು ಗಂಟೆ. ಆಮೇಲೆ 'ಐದು ನಿಮಿಷ ನೋಡಿ ಬರೋಣ' ಅಂತ ಒಂದು ಆಭರಣದ ಅಂಗಡಿಗೆ ಕರೆದುಕೊಂಡು ಹೋದರು, ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ಹನ್ನೆರಡು ಗಂಟೆಯ ಪ್ರವಾಸದಲ್ಲಿ ಹಳೇ ಊರಿಗೆ ಸಿಕ್ಕಿದ್ದು ಎರಡೂಮುಕ್ಕಾಲು ಗಂಟೆ. ಕೊಲಂಬಸ್‌ನ ಮಗ ಡಿಯೇಗೋ ಕಟ್ಟಿಸಿದ ಅರಮನೆ, ಆಲ್ಕಾಸರ್ ದೆ ಕೊಲೋನ್, ಅದರೊಳಗೆ ನಾವಿದ್ದಿದ್ದು ಇಪ್ಪತ್ತು ನಿಮಿಷ. ಹೆಂಡತಿ ಮೇಲಿನ ಜಗಲಿಯ ಕಮಾನಿನಲ್ಲಿ ನಿಂತು ನದಿಯ ಫೋಟೋ ತೆಗೆಯುವಷ್ಟರಲ್ಲಿ ಕೆಳಗಿನಿಂದ ಗೈಡ್ ಬಣ್ಣದ ಕೊಡೆ ಅಲ್ಲಾಡಿಸುತ್ತಿದ್ದ. ಮುಟ್ಟಿ ಬಂದ ಶಾಸ್ತ್ರ.

ಆ ಅಂಗಡಿಯಲ್ಲಿ ಮಾರುವ ನೀಲಿ ಕಲ್ಲಿನ ಹೆಸರು ಲಾರಿಮಾರ್. ಕಲ್ಲು ನಿಜಕ್ಕೂ ಚಂದ, ಈ ದೇಶದ ಬರಾಓನಾ ಪ್ರಾಂತ್ಯದಲ್ಲಿ ಬಿಟ್ಟರೆ ಇನ್ನೆಲ್ಲೂ ಗಣಿ ಇಲ್ಲ. ಬೇಕಿದ್ದರೆ ಕೊಳ್ಳಿ. ಆದರೆ ಬಸ್ಸು ನಿಲ್ಲಿಸಿದ ಅಂಗಡಿಯಲ್ಲೇ ಕೊಳ್ಳಬೇಕೆಂದಿಲ್ಲ. ಹಳೇ ಊರಿನ ಬೀದಿಗಳಲ್ಲಿ ನಾಲ್ಕು ಅಂಗಡಿ ನೋಡಿ ಚೌಕಾಸಿ ಮಾಡಬಹುದು.

ನದಿ ಪೂರ್ವದ ಆ ಎರಡು ಜಾಗಗಳ ಬಗ್ಗೆ ನನ್ನ ಅಭಿಪ್ರಾಯ ಬೇರೆ ಬೇರೆ. ಲೋಸ್ ತ್ರೆಸ್ ಓಹೋಸ್, ಅಂದರೆ ಮೂರು ಕಣ್ಣುಗಳು. ಸುಣ್ಣಕಲ್ಲಿನ ನೆಲ ಕುಸಿದು ಆದ ಗುಹೆ, ಒಳಗೆ ತಿಳಿನೀಲಿ ನೀರಿನ ಕೊಳಗಳು. ಮಕ್ಕಳು ಇದ್ದರೆ ಇದನ್ನು ಬಿಡಬೇಡಿ. ಹಗ್ಗ ಎಳೆದು ದಾಟಿಸುವ ತೆಪ್ಪದಲ್ಲಿ ನಾಲ್ಕನೇ ಕೊಳಕ್ಕೂ ಹೋಗಬಹುದು. ಮಂಡಿ ನೋವಿರುವವರು ಮಾತ್ರ ಮೇಲೇ ಕೂತಿರಲಿ, ಮೆಟ್ಟಿಲು ವಿಪರೀತ. ಎರಡನೆಯದು ಫಾರೋ ಆ ಕೊಲೋನ್. ಕೊಲಂಬಸ್ ಬಂದು 500 ವರ್ಷವಾದ ನೆನಪಿಗೆ 1992ರಲ್ಲಿ ಉದ್ಘಾಟನೆಯಾದ, ಶಿಲುಬೆಯಾಕಾರದ ಭಾರೀ ಕಾಂಕ್ರೀಟ್ ಕಟ್ಟಡ. ಒಳಗೆ ಅವನ ಮೂಳೆ ಇದೆ ಅಂತ ಇವರು ಹೇಳುತ್ತಾರೆ, ನಮ್ಮಲ್ಲಿದೆ ಅಂತ ಸ್ಪೇನಿನ ಸೆವಿಯಾದವರು ಹೇಳುತ್ತಾರೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಕು ಅನ್ನುವವನು ನಾನು.

ಹಾಗಾದರೆ ಟೂರ್ ಬಸ್ ಯಾರಿಗೆ? ಸ್ಪ್ಯಾನಿಷ್ ಒಂದಕ್ಷರ ಬಾರದವರಿಗೆ, ಪ್ಲಾನ್ ಮಾಡುವ ತಲೆನೋವೇ ಬೇಡ ಅನ್ನುವವರಿಗೆ, ಒಬ್ಬರೋ ಇಬ್ಬರೋ ಇದ್ದು ಖರ್ಚು ಹಿಡಿತದಲ್ಲಿರಲಿ ಅನ್ನುವವರಿಗೆ. ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ನಮ್ಮ ಹೋಟೆಲಿನಿಂದ ಎಷ್ಟನೇ ಪಿಕಪ್? ಅಂಗಡಿ ಸ್ಟಾಪ್ ಇದೆಯಾ? ಆಲ್ಕಾಸರ್ ಮತ್ತು ಕ್ಯಾಥೆಡ್ರಲ್‌ನ ಒಳಗೆ ಹೋಗುತ್ತೀರಾ ಅಥವಾ ಹೊರಗಿನಿಂದ ತೋರಿಸುತ್ತೀರಾ? 'ವಿಸಿಟ್' ಅನ್ನುವ ಪದಕ್ಕೆ ಟೂರಿನವರ ಭಾಷೆಯಲ್ಲಿ ಎರಡೂ ಅರ್ಥ ಇದೆ.

ಗ್ವಾಗ್ವಾ ಹತ್ತಿ ಹೋಗುವುದು

ಇಲ್ಲಿಯ ಜನ ಬಸ್ಸಿಗೆ ಗ್ವಾಗ್ವಾ ಅನ್ನುತ್ತಾರೆ. ಪುಂಟಾ ಕಾನಾ ಪಕ್ಕದ ಬಾವಾರೋದಿಂದ ರಾಜಧಾನಿಗೆ ದೂರದ ಬಸ್ಸುಗಳು ದಿನವಿಡೀ ಓಡುತ್ತವೆ. ದೊಡ್ಡ ಬಸ್ಸು, ಒಳ್ಳೆಯ ಸೀಟು, ಟೂರಿನ ರೇಟಿನ ಮುಂದೆ ಟಿಕೆಟ್ ಏನೇನೂ ಅಲ್ಲ. ಒಂದು ಎಚ್ಚರಿಕೆ: ಏಸಿ ಎಷ್ಟು ಕೊರೆಯುತ್ತದೆ ಅಂದರೆ, ಕೆರಿಬಿಯನ್‌ಗೆ ಬಂದು ಸ್ವೆಟರ್ ಹಾಕಿಕೊಂಡು ಕೂತಿದ್ದ ಜನ ನೋಡಿ ಮೊದಲು ನಕ್ಕೆ, ಅರ್ಧ ಗಂಟೆಯಲ್ಲಿ ನನ್ನ ಬ್ಯಾಗಿನಿಂದ ಟವೆಲ್ ತೆಗೆದು ಹೊದ್ದುಕೊಂಡೆ. ಬಸ್ಸು ಹಳೇ ಊರಿನ ತನಕ ಹೋಗುವುದಿಲ್ಲ, ಹೊಸ ಊರಿನಲ್ಲಿ ಇಳಿಸುತ್ತದೆ. ಅಲ್ಲಿಂದ ಊಬರ್ ಸಿಗುತ್ತದೆ.

ಏಳರ ಬಸ್ಸು ಹಿಡಿದರೆ ಹತ್ತೂವರೆಯೊಳಗೆ ಹಳೇ ಊರಿನ ಪಾರ್ಕೆ ಕೊಲೋನ್ ಅನ್ನುವ ಪಾರ್ಕಿನಲ್ಲಿ ಇರುತ್ತೀರಿ. ಸಂಜೆ ನಾಲ್ಕಕ್ಕೆ ಹೊರಟರೂ ಐದೂವರೆ ಗಂಟೆ ಕೈಯಲ್ಲಿದೆ. ಟೂರ್ ಬಸ್ಸಿನ ಎರಡರಷ್ಟು. ವಾಪಸ್ ಬಸ್ಸಿನ ಹೊತ್ತನ್ನು ಇಳಿದ ತಕ್ಷಣ ಕೌಂಟರಿನಲ್ಲೇ ಕೇಳಿಕೊಳ್ಳಿ, ಇಂಟರ್ನೆಟ್ಟಿನಲ್ಲಿ ಇರುವ ವೇಳಾಪಟ್ಟಿ ನಂಬಿಕೊಂಡು ಕೂರಬೇಡಿ.

ಇನ್ನು ಗೈಡ್. ಪಾರ್ಕೆ ಕೊಲೋನ್‌ನ ಮರಗಳ ನೆರಳಲ್ಲಿ, ಕ್ಯಾಥೆಡ್ರಲ್‌ನ ಪಕ್ಕದಲ್ಲೇ, ಗೈಡ್‌ಗಳು ನಿಂತಿರುತ್ತಾರೆ. ಲೈಸೆನ್ಸ್ ಇರುವವರ ಕೊರಳಲ್ಲಿ ಗುರುತಿನ ಕಾರ್ಡ್ ಇರುತ್ತದೆ, ನೋಡಿ ಮಾತಾಡಿ. ಎಷ್ಟು ಗಂಟೆ, ಎಷ್ಟು ದುಡ್ಡು, ತಲೆಗೋ ಗುಂಪಿಗೋ, ಡಾಲರೋ ಪೇಸೋನೋ, ಪ್ರವೇಶದ ಟಿಕೆಟ್ ಸೇರಿದೆಯೋ ಇಲ್ಲವೋ, ಎಲ್ಲ ಹೊರಡುವ ಮೊದಲೇ ಬಾಯಿಬಿಟ್ಟು ಮಾತಾಡಿ ಮುಗಿಸಿ. ಆಮೇಲೆ ಸಂಕೋಚ ಪಡುವುದಕ್ಕಿಂತ ಈಗಲೇ ಜಿಪುಣ ಅನ್ನಿಸಿಕೊಳ್ಳುವುದು ವಾಸಿ.

ಒಳ್ಳೆಯ ಗೈಡ್ ಯಾರು ಅಂತ ತಿಳಿಯಲು ನಾನೊಂದು ಉಪಾಯ ಮಾಡುತ್ತೇನೆ. ಆ ಪಾರ್ಕಿನ ನಡುವೆ ಕೊಲಂಬಸ್‌ನ ಕಂಚಿನ ಪ್ರತಿಮೆ ಇದೆ, 1887ರದ್ದು. ಅವನು ಮೇಲೆ ನಿಂತು ದೂರಕ್ಕೆ ಕೈ ತೋರಿಸುತ್ತಿದ್ದಾನೆ. ಎಲ್ಲರೂ ಅವನ ಫೋಟೋ ತೆಗೆದು ಹೋಗುತ್ತಾರೆ. ಕೆಳಗೆ ನೋಡಿ. ಪೀಠವನ್ನು ಹತ್ತುತ್ತಾ, ಮೈ ಚಾಚಿ, ಕೈ ಎತ್ತಿ ಅದರ ಮೇಲೆ ಏನೋ ಬರೆಯುತ್ತಿರುವ ಒಬ್ಬಳು ಹೆಂಗಸಿದ್ದಾಳೆ. ತಲೆಗೆ ಗರಿ, ಮೈಮೇಲೆ ಬಟ್ಟೆ ಹೆಚ್ಚಿಲ್ಲ. ಅವಳು ಆನಾಕಾಓನಾ ಅಂತ ಹೇಳುತ್ತಾರೆ, ಈ ದ್ವೀಪದ ಮೂಲದವರಾದ ತಾಈನೋ ಜನರ ನಾಯಕಿ. ಅವಳು ಬರೆಯುತ್ತಿರುವುದು ಕೊಲಂಬಸ್‌ನ ಹೊಗಳಿಕೆ. ನಿಜವಾದ ಆನಾಕಾಓನಾಳನ್ನು ಓವಾಂದೋನ ಜನ ಗಲ್ಲಿಗೆ ಹಾಕಿದರು. ಅದೇ ಓವಾಂದೋಗೆ ನಾಲ್ಕು ಬೀದಿ ಆಚೆ, ಪ್ಲಾಸಾ ದೆ ಎಸ್ಪಾನ್ಯಾ ಅನ್ನುವ ಚೌಕದಲ್ಲಿ, ಇನ್ನೊಂದು ಪ್ರತಿಮೆ.

ದುಡ್ಡು ಮಾತಾಡುವ ಮೊದಲು 'ಈ ಹೆಂಗಸು ಯಾರು?' ಅಂತ ಸುಮ್ನೆ ಕೇಳಿ. 'ಅದು ಅಲಂಕಾರಕ್ಕೆ ಮಾಡಿದ್ದು' ಅಂದರೆ ಥ್ಯಾಂಕ್ಸ್ ಹೇಳಿ ಮುಂದಿನವರ ಹತ್ತಿರ ಹೋಗಿ. ನನಗೆ ಸಿಕ್ಕ ಗೈಡ್, ಅರವತ್ತು ದಾಟಿದ ಮನುಷ್ಯ, ಪ್ರಶ್ನೆ ಕೇಳಿ ಒಂದು ಕ್ಷಣ ಸುಮ್ಮನಿದ್ದು, 'ಕೂತುಕೊಂಡು ಮಾತಾಡೋಣವಾ?' ಅಂದರು. ಆ ಅರ್ಧ ದಿನ ಅವರಿಗೇ ಕೊಟ್ಟೆ.

ಅವರಿಂದಾಗಿ ನನಗೆ ಕಂಡದ್ದು ಬೇರೆಯೇ ಊರು. ಟೂರ್ ಬಸ್ಸಿನವರು 'ಇದು ಅಮೆರಿಕದ ಮೊದಲನೆಯದು' ಅಂತ ಪಟ್ಟಿ ಓದಿದ್ದರು: ಮೊದಲ ಕ್ಯಾಥೆಡ್ರಲ್, ಮೊದಲ ಕಲ್ಲುಹಾಸಿನ ಬೀದಿ, ಮೊದಲ ಆಸ್ಪತ್ರೆ, ಮೊದಲ ಕೋಟೆ. ಇವರು ನನ್ನನ್ನು ದೊಮಿನಿಕನ್ ಪಂಥದ ಪಾದ್ರಿಗಳ ಮಠದ ಮುಂದೆ ನಿಲ್ಲಿಸಿ 1511ರ ಡಿಸೆಂಬರ್‌ನ ಒಂದು ಭಾನುವಾರದ ಕಥೆ ಹೇಳಿದರು. ಆಂತೊನಿಯೋ ದೆ ಮೊಂತೆಸೀನೋಸ್ ಅನ್ನುವ ಪಾದ್ರಿ ಪೂಜೆಗೆ ಬಂದ ಸ್ಪೇನಿನ ದೊರೆಗಳ ಮುಖಕ್ಕೇ ಕೇಳಿದ: ಗಣಿಗಳಲ್ಲಿ ನೀವು ದುಡಿಸಿ ಸಾಯಿಸುತ್ತಿರುವ ಇವರು ಮನುಷ್ಯರಲ್ಲವೇ? ಡಿಯೇಗೋ ಕೊಲಂಬಸ್ ಸಿಟ್ಟಿನಿಂದ ಮಠಕ್ಕೆ ದೂರು ಕೊಟ್ಟ. ಮುಂದಿನ ಭಾನುವಾರ ಪಾದ್ರಿ ಕ್ಷಮೆ ಕೇಳುತ್ತಾನೆ ಅಂತ ಎಲ್ಲರೂ ಬಂದು ಕೂತರು. ಅವನು ಅದನ್ನೇ ಇನ್ನೂ ಜೋರಾಗಿ ಹೇಳಿದ. ಈಗ ಸಮುದ್ರದ ದಡದಲ್ಲಿ ಅವನದ್ದೊಂದು ದೈತ್ಯ ಪ್ರತಿಮೆ ಇದೆ, ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಿರುವಂತೆ. ಮೆಕ್ಸಿಕೋದವರು ಕೊಟ್ಟದ್ದು.

ತಾಈನೋ ಜನ ಸತ್ತು ಕಡಿಮೆಯಾಗುತ್ತಾ ಬಂದ ಹಾಗೆ ಕಬ್ಬಿನ ಗದ್ದೆಗೆ ಆಫ್ರಿಕಾದಿಂದ ಗುಲಾಮರನ್ನು ತಂದರು. 1521ರ ಡಿಸೆಂಬರಿನಲ್ಲಿ ಅವರು ದಂಗೆ ಎದ್ದದ್ದು ಇದೇ ಡಿಯೇಗೋನ ಕಬ್ಬಿನ ತೋಟದಲ್ಲಿ. ಇದನ್ನು ಕೇಳಿಕೊಂಡು ಆಲ್ಕಾಸರ್‌ನ ಒಳಗೆ ಹೋದರೆ ಆ ಮೇಜು, ಆ ಮಂಚ, ಆ ಬೆಳ್ಳಿ ತಟ್ಟೆ ಬೇರೆ ಥರ ಕಾಣುತ್ತವೆ.

ಕಾಯೆ (ಅಂದರೆ ಬೀದಿ) ಇಸಾಬೆಲ್ ಲಾ ಕತೋಲಿಕಾದಲ್ಲಿ ಒಂದು ಮನೆ ತೋರಿಸಿದರು. ಬಾಗಿಲ ಮೇಲೆ ಕಲ್ಲಿನಲ್ಲಿ ದಪ್ಪ ಹಗ್ಗ ಕೆತ್ತಿದ್ದಾರೆ, ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಸೊಂಟಕ್ಕೆ ಕಟ್ಟುವಂಥದ್ದು, ಗಂಟುಗಳ ಸಮೇತ. ಕಾಸಾ ದೆಲ್ ಕೊರ್ದೋನ್, ಹಗ್ಗದ ಮನೆ. 1586ರಲ್ಲಿ ಇಂಗ್ಲಿಷರ ಫ್ರಾನ್ಸಿಸ್ ಡ್ರೇಕ್ ಊರನ್ನು ಹಿಡಿದು, ಬಿಟ್ಟು ಹೋಗುವುದಕ್ಕೆ 25,000 ಡುಕಾಟ್ ಚಿನ್ನದ ನಾಣ್ಯ ಕೇಳಿದಾಗ ಹೆಂಗಸರು ಇಲ್ಲಿಗೆ ಬಂದು ಒಡವೆ ಬಿಚ್ಚಿ ತೂಗಿಸಿದರು ಅನ್ನುತ್ತದೆ ಊರಿನ ಕಥೆ. ಈಗ ಅದು ಬ್ಯಾಂಕಿನ ಕೈಯಲ್ಲಿದೆ. ಒಡವೆ ತೂಗಿದ ಮನೆಯಲ್ಲಿ ಬ್ಯಾಂಕು! ಗೈಡ್ ಈ ಜೋಕನ್ನು ಸಾವಿರ ಸಲ ಹೇಳಿರಬೇಕು, ಆದರೂ ನಗು ಬಂತು.

ಕಾರು, ಸ್ವಂತ ಡ್ರೈವರ್

ನಾಲ್ಕೈದು ಜನ ಇದ್ದರೆ, ಹಿರಿಯರು ಜೊತೆಗಿದ್ದರೆ, ಬೇರೆ ಯೋಚನೆ ಬೇಡ. ನಾಲ್ಕು ಟೂರ್ ಟಿಕೆಟ್ಟಿನ ದುಡ್ಡು ಸೇರಿಸಿದರೆ ಕಾರಿನ ಬಾಡಿಗೆಗೆ ಹತ್ತಿರ ಬರುತ್ತದೆ, ಬಾತ್‌ರೂಮಿಗೆ ನಿಲ್ಲಿಸಿ ಅನ್ನುವುದಕ್ಕೆ ಮುಜುಗರ ಪಡಬೇಕಿಲ್ಲ. ಆದರೆ ಡ್ರೈವರ್ ಬೇರೆ, ಗೈಡ್ ಬೇರೆ. ಇಬ್ಬರ ಕೆಲಸವನ್ನೂ ನಾನೇ ಮಾಡುತ್ತೇನೆ ಅನ್ನುವ ಡ್ರೈವರ್ ಸಾಮಾನ್ಯವಾಗಿ ಕಾರಿನಿಂದ ಇಳಿಯುವುದಿಲ್ಲ. ಡ್ರೈವರನ್ನು ರಸ್ತೆಗೆ ಇಟ್ಟುಕೊಳ್ಳಿ, ಗೈಡನ್ನು ಪಾರ್ಕಿನಲ್ಲಿ ಹಿಡಿಯಿರಿ.

ಅಮ್ಮನಿಗೆ ಮಂಡಿ ನೋವು. ನಮಗೆ ಸರಿಹೋದ ದಾರಿ ಇದು: ಒಸಾಮಾ ಕೋಟೆಯ ಬಾಗಿಲಲ್ಲಿ ಇಳಿದು, ಕಾಯೆ ಲಾಸ್ ದಾಮಾಸ್ ಹಿಡಿದು ಪ್ಲಾಸಾ ದೆ ಎಸ್ಪಾನ್ಯಾ ತನಕ. ಹೆಚ್ಚುಕಮ್ಮಿ ಸಮತಟ್ಟು, ಐನೂರು ಮೀಟರಿನ ಆಸುಪಾಸು. ದಾಮಾಸ್ ಅಂದರೆ ಹೆಂಗಸರು. ಡಿಯೇಗೋನ ಹೆಂಡತಿ ಮರಿಯಾ ದೆ ತೊಲೇದೋ ಸಂಜೆ ಹೊತ್ತು ಸಖಿಯರ ಜೊತೆ ಇಲ್ಲಿ ವಾಕಿಂಗ್ ಬರುತ್ತಿದ್ದಳಂತೆ. ದಾರಿಯಲ್ಲೇ ಸಿಗುವ ಪಾಂತೆಓನ್ ನಾಸಿಯೊನಾಲ್ ಒಳಗೆ ತಂಪಾಗಿರುತ್ತದೆ, ದುಡ್ಡೂ ಕೊಡಬೇಕಿಲ್ಲ. ಜೆಸ್ಯೂಟರ ಇಗರ್ಜಿಯಾಗಿದ್ದದ್ದನ್ನು ಸರ್ವಾಧಿಕಾರಿ ತ್ರುಹಿಯೋ 1950ರ ದಶಕದಲ್ಲಿ ದೇಶದ ವೀರರ ಸಮಾಧಿ ಮಾಡಿಸಿದ. ಏರುಮುಖವಾದ ಕಾಯೆ ಓಸ್ತೋಸ್ ಬೀದಿಯ ಬಣ್ಣದ ಮನೆಗಳು ಫೋಟೋಗೆ ಬಹಳ ಚಂದ, ಮಂಡಿಗೆ ಬಹಳ ಕಷ್ಟ. ಅದನ್ನು ಮಕ್ಕಳಿಗೆ ಬಿಡಿ. ನಡೆಯಲು ಆಗುವುದೇ ಇಲ್ಲ ಅನ್ನುವವರಿಗೆ ಚೂ ಚೂ ಕೊಲೊನಿಯಾಲ್ ಅಂತ ಪುಟಾಣಿ ರೈಲಿನಂಥ ಗಾಡಿ ಬೀದಿ ಬೀದಿ ಸುತ್ತಿಸುತ್ತದೆ.

ಹಡಗಿನಲ್ಲಿ ಬರುವವರು

ಕ್ರೂಸ್‌ನವರು ಒಂದೇ ಒಂದು ವಿಷಯ ನೋಡಿಕೊಳ್ಳಿ. ಹಡಗು ನಿಲ್ಲುವುದು ಎಲ್ಲಿ? ಸಾಂತೋ ದೊಮಿಂಗೋದ ಡಾನ್ ಡಿಯೇಗೋ ಟರ್ಮಿನಲ್ ಆದರೆ ಕೋಟೆಯ ಕೆಳಗೇ ಇಳಿಯುತ್ತೀರಿ, ಟೂರ್ ಬೇಡವೇ ಬೇಡ, ನಡೆದು ಹೋಗಿ. ಲಾ ರೊಮಾನಾ ಆದರೆ ರಸ್ತೆಯಲ್ಲಿ ನೂರು ಕಿಲೋಮೀಟರಿಗೂ ಜಾಸ್ತಿ. ಉತ್ತರದ ಪುವೆರ್ತೋ ಪ್ಲಾತಾ ಆದರೆ ಸಾಂತೋ ದೊಮಿಂಗೋ ಆಸೆ ಬಿಟ್ಟುಬಿಡಿ, ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ.

ಊಟದ ಮಾತು

ಟೂರಿನ 'ಊಟ ಸೇರಿ' ಅಂದರೆ ದೊಡ್ಡ ಹಾಲಿನಲ್ಲಿ ಬಫೆ. ಸಸ್ಯಾಹಾರಿಗಳಿಗೆ ಅನ್ನ, ಸಲಾಡ್, ಹುರಿದ ಬಾಳೆಕಾಯಿ. ನೀವೇ ಹೋದರೆ ಆಯ್ಕೆ ಚೆನ್ನಾಗಿದೆ. ಮಾಂಗೂ ಅಂದರೆ ಬೇಯಿಸಿ ಮಸೆದ ಬಾಳೆಕಾಯಿ, ಮೇಲೆ ಈರುಳ್ಳಿ, ಜೊತೆಗೆ ಕರಿದ ಚೀಸ್. ಕಾಸಾಬೆ ಅಂದರೆ ಮರಗೆಣಸಿನ ಗರಿಗರಿ ರೊಟ್ಟಿ, ತಾಈನೋ ಜನರ ಕಾಲದ್ದು. ಕಿತ್ತಳೆ ರಸಕ್ಕೆ ಹಾಲು ಸೇರಿಸಿ ಐಸ್ ಹಾಕಿದ ಒಂದು ಪಾನೀಯ ಇದೆ, ಹೆಸರು ಮೊರೀರ್ ಸೊನ್ಯಾಂದೋ, ಅಂದರೆ 'ಕನಸು ಕಾಣುತ್ತಾ ಸಾಯುವುದು'. ಹಾಲು ಒಡೆಯುವುದಿಲ್ಲವಾ ಅಂತ ಅಮ್ಮ ಗ್ಲಾಸು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಒಡೆದಿರಲಿಲ್ಲ.

ಆಮೇಲೆ ಮೋರೋ ದೆ ಗ್ವಾಂದೂಲೆಸ್ ಬಂತು. ಕಾಳು ಹಾಕಿ ಮಾಡಿದ ಅನ್ನ. ಅಮ್ಮ ಒಂದು ಕಾಳನ್ನು ಬೆರಳಲ್ಲಿ ಎತ್ತಿ, ಹಿಸುಕಿ, ಬಾಯಿಗೆ ಹಾಕಿಕೊಂಡು, 'ಅಯ್ಯೋ, ಇದು ಹಸಿ ತೊಗರಿಕಾಳು ಕಣೋ!' ಅಂದರು. ಹೌದು, ಅದೇ. ನಮ್ಮ ಕಡೆ ಹುಟ್ಟಿದ ತೊಗರಿ ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರ ಹಡಗುಗಳ ಕಾಲದಲ್ಲಿ ಇಲ್ಲಿಗೆ ಬಂದು ಈ ದ್ವೀಪದ ಹಬ್ಬದೂಟವಾಗಿದೆ. ಅಪ್ಪ ಎರಡನೇ ಸಲ ಹಾಕಿಸಿಕೊಂಡರು.

ಒಂದು ಎಚ್ಚರ. ಕಾಳು ಬೇಯಿಸುವಾಗ ಮಾಂಸದ ತುಂಡು ಅಥವಾ ಸಾರು ಹಾಕುವುದು ಮಾಮೂಲಿ. 'ಸಿನ್ ಕಾರ್ನೆ' (ಮಾಂಸ ಬೇಡ) ಅಂದರೆ ಸಾಲದು, ಕೋಳಿ ಮತ್ತು ಹ್ಯಾಮ್ ಕೆಲವರ ಲೆಕ್ಕದಲ್ಲಿ ಮಾಂಸದೊಳಗೆ ಬರುವುದೇ ಇಲ್ಲ. 'ಸಿನ್ ಪೊಯ್ಯೋ, ಸಿನ್ ಹಾಮೋನ್' ಅಂತಲೂ ಸೇರಿಸಿ. ಬಿಲ್ಲು ನೋಡಿ ಗಾಬರಿಯಾಗಬೇಡಿ, 18% ತೆರಿಗೆ ಮತ್ತು 10% ಸರ್ವಿಸ್ ಕಾನೂನಿನ ಪ್ರಕಾರವೇ ಸೇರುತ್ತದೆ.

ಯಾವ ದಾರಿಯಲ್ಲಿ ಹೋದರೂ

ಸೋಮವಾರ ಬೇಡ. ಆಲ್ಕಾಸರ್ ಸೇರಿದಂತೆ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಅವತ್ತೇ ರಜೆ. ಕ್ಯಾಥೆಡ್ರಲ್‌ಗೆ ಚಡ್ಡಿ, ತೋಳಿಲ್ಲದ ಅಂಗಿ ನಡೆಯುವುದಿಲ್ಲ, ಒಂದು ದುಪಟ್ಟಾ ಬ್ಯಾಗಿನಲ್ಲಿರಲಿ. ಕಲ್ಲುಹಾಸಿನ ಮೇಲೆ ಚಪ್ಪಲಿಗಿಂತ ಶೂ ಮೇಲು. ಜೂನ್‌ನಿಂದ ನವೆಂಬರ್ ತನಕ ಬಿರುಗಾಳಿಯ ಕಾಲ. ಭಾರತದ ಪಾಸ್‌ಪೋರ್ಟ್ ಇದ್ದು ಅಮೆರಿಕದಿಂದ ಹೋಗುವವರಿಗೆ ಅಮೆರಿಕದ ಚಾಲ್ತಿ ವೀಸಾ ಇದ್ದರೆ ಬೇರೆ ವೀಸಾ ಬೇಡ, ಆದರೆ ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾದ ಅವಧಿ ಮುಗಿದುಹೋಗಿದ್ದರೆ ಲಾಯರನ್ನು ಕೇಳದೆ ಟಿಕೆಟ್ ಮಾಡಬೇಡಿ. ಹೋಗುವುದು ಸುಲಭ, ವಾಪಸ್ ಬರುವುದೇ ಕಷ್ಟ.

ಒಂದು ರಾತ್ರಿ ಇದ್ದುಬಿಟ್ಟರೆ?

ರೆಸಾರ್ಟಿಗೆ ಏಳು ರಾತ್ರಿಯ ದುಡ್ಡು ಕೊಟ್ಟು ಒಂದು ರಾತ್ರಿ ಬೇರೆ ಊರಲ್ಲಿ ಮಲಗುವುದು ದಂಡ ಅನ್ನಿಸುತ್ತದೆ, ಗೊತ್ತು. ನನಗೂ ಅನ್ನಿಸಿತ್ತು. ಮೂರನೇ ಸಲ ಅಪ್ಪನ ಹಠಕ್ಕೆ ಉಳಿದೆವು. 'ಎರಡೂವರೆ ಗಂಟೆ ಬಂದು ಎರಡೂವರೆ ಗಂಟೆ ವಾಪಸ್ ಹೋಗೋದು ಮದುವೆ ಮನೆಗಾದ್ರೂ ಆಯ್ತು, ಊರು ನೋಡೋಕಲ್ಲ' ಅಂದರು. ಸಂಜೆ ಐದಕ್ಕೆ ಟೂರ್ ಬಸ್ಸುಗಳೆಲ್ಲ ಹೋದ ಮೇಲೆ ಊರು ಊರಿನವರಿಗೆ ವಾಪಸ್ ಸಿಗುತ್ತದೆ. ಕೊಲ್ಮಾದೋ ಅಂತ ಕರೆಯುವ ಮೂಲೆಯಂಗಡಿಗಳ ಮುಂದೆ ಪ್ಲಾಸ್ಟಿಕ್ ಕುರ್ಚಿ ಬರುತ್ತವೆ, ಡಾಮಿನೋ ಬಿಲ್ಲೆಗಳನ್ನು ಮೇಜಿಗೆ ಟಪ್ ಅಂತ ಹೊಡೆಯುವ ಸದ್ದು ಶುರುವಾಗುತ್ತದೆ. ನಮ್ಮ ಕಟ್ಟೆಯ ಇಸ್ಪೀಟಿನ ಥರ, ಆಡುವವರು ನಾಲ್ಕು, ಬುದ್ಧಿ ಹೇಳುವವರು ಹತ್ತು.

ಮರುದಿನ ಡಿಸೆಂಬರಿನ ಎಳೆ ಬಿಸಿಲು. ಒಂಬತ್ತು ಗಂಟೆಗೆ ಕಾಯೆ ಲಾಸ್ ದಾಮಾಸ್‌ನಲ್ಲಿ ನಾವು ಮೂವರು ಮತ್ತು ಒಂದು ಬೆಕ್ಕು. ಹಿಂದೆ ಸರ್ಕಾರಿ ಕಚೇರಿಯಾಗಿದ್ದ ಕಾಸಾಸ್ ರೆಯಾಲೆಸ್ ಎದುರು 1753ರ ಬಿಸಿಲು ಗಡಿಯಾರ ಇದೆ, ಕಲ್ಲಿನದು. ಎದುರಿನ ಕಚೇರಿಯ ಅಧಿಕಾರಿಗಳು ಕಿಟಕಿಯಿಂದಲೇ ಹೊತ್ತು ನೋಡಲಿ ಅಂತ ಕಟ್ಟಿಸಿದ್ದಂತೆ. ಅಪ್ಪ ಕೈಗಡಿಯಾರ ನೋಡಿ, ನೆರಳು ನೋಡಿ, 'ಇದು ನಲವತ್ತು ನಿಮಿಷ ಹಿಂದಿದೆ, ಕೆಟ್ಟಿದೆ' ಅಂದರು. ಕೆಟ್ಟಿಲ್ಲ, ಅದು ಈ ಊರಿನ ಸೂರ್ಯನ ಟೈಮು, ನಮ್ಮ ಕೈಯಲ್ಲಿರುವುದು ಇನ್ನೂ ಪೂರ್ವದ ರೇಖೆಯ ಟೈಮು ಅಂತ ವಿವರಿಸಿದೆ.

ಅಮ್ಮ ಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. 'ಹಂಗಾದ್ರೆ ಕಾರು ಬರೋಕೆ ಇನ್ನೂ ನಲವತ್ತು ನಿಮಿಷ ಜಾಸ್ತಿ ಇದೆ. ಹೋಗಿ ಇನ್ನೊಂದು ಕಾಫಿ ಹಿಡ್ಕೊಂಡು ಬಾ' ಅಂದರು.